ಕೊನೆಯ ದಿನದ ನೀರು–ಬೆಲ್ಲ

1986ರ ಡಿಸೆಂಬರ್ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಎಂಟು ಗಂಟೆ. ಸ್ಥಳ ಪುತ್ತೂರು, ನಮ್ಮ ಪಕ್ಷದ ಕಚೇರಿಯ ಮಹಡಿ. ಹಾಜರಿದ್ದವರು: ಪಕ್ಷದ ಅಧ್ಯಕ್ಷರು, ಮಂಡಲ ಪಂಚಾಯತಿಗೆ ನಿಲ್ಲಲಿರುವ ಆರು ಮಂದಿ ಹೆಂಗಸರು ಮತ್ತು ನಾನು. ಹಾಜರಿರಬಾರದವರು: ಆ ಆರು ಹೆಂಗಸರ ಗಂಡಂದಿರು. ಅವರೂ ಬಂದಿದ್ದರು.

ಅವರನ್ನು ಕೆಳಗೆ ಕಳುಹಿಸುವುದೇ ನನ್ನ ಮೊದಲ ಕೆಲಸವಾಯಿತು. ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದವಳು ನಾನು. ವಾರ್ಡಿನಿಂದ ಸಂಬಂಧಿಕರನ್ನು ಹೊರಗೆ ಹಾಕುವುದು ನನಗೆ ಹೊಸತಲ್ಲ. ಐವರು ಮಾತಿಲ್ಲದೆ ಮೆಟ್ಟಿಲಿಳಿದರು. ಬೆಟ್ಟಂಪಾಡಿ ಕಡೆಯ ಒಬ್ಬರು ಮಾತ್ರ ಬಾಗಿಲು ಹಿಡಿದು ನಿಂತರು.

“ಅವಳಿಗೆ ಎಂತ ಗೊತ್ತಾಗ್ತದೆ ಸಿಸ್ಟ್ರೇ? ಹೆಸರು ಅವಳದ್ದು ಹಾಕುದು, ಮತ್ತೆ ಕೆಲಸ ಎಲ್ಲ ನಾನೇ ನೋಡಿಕೊಳ್ಳುದು.”

“ಆಗಬಹುದು. ಹಾಗಾದರೆ ನಾಳೆಯಿಂದ ಅವರ ಸೀರೆ ನೀವೇ ಉಟ್ಟುಕೊಂಡು ಬನ್ನಿ,” ಎಂದೆ.

ಒಳಗಿದ್ದ ಹೆಂಗಸರಲ್ಲಿ ಮೊದಲು ನಕ್ಕವರು ಅವರ ಹೆಂಡತಿಯೇ. ಬಾಗಿಲು ಮುಚ್ಚಿತು. ಎಂಟೂಕಾಲಿಗೆ ಪಾಠ ಶುರುವಾಯಿತು.

ಆ ಸಲ ಹೊಸ ಕಾನೂನು ಬಂದು ಮಂಡಲಗಳಲ್ಲಿ ನಾಲ್ಕರಲ್ಲೊಂದು ಪಾಲು ಹೆಂಗಸರಿಗೆ ಮೀಸಲಾಗಿತ್ತು. ಎಲ್ಲ ಪಕ್ಷಗಳೂ ಹೆಂಗಸರನ್ನು ಹುಡುಕಿಕೊಂಡು ಹೊರಟಿದ್ದವು. ನಮ್ಮ ಅಧ್ಯಕ್ಷರು ಒಳ್ಳೆಯವರು, ಆದರೆ ಸದಾ ಗಾಬರಿ. “ಇವರಿಗೆ ಕಲಿಸಲಿಕ್ಕೆ ನನ್ನಿಂದಾಗುದಿಲ್ಲ. ನನ್ನ ಎದುರು ಅವರು ಬಾಯಿ ಬಿಡುದಿಲ್ಲ, ಅವರ ಎದುರು ನಾನು ಬಿಡುದಿಲ್ಲ,” ಎಂದು ನನ್ನ ಮನೆಗೆ ಬಂದು ಹೇಳಿದ್ದರು.

ಮೊದಲ ಪಾಠ ನಾಮಪತ್ರ. ನಾನು ಮೇಜಿನ ಹಿಂದೆ ಚುನಾವಣಾಧಿಕಾರಿಯಾಗಿ ಕುಳಿತೆ. ಒಬ್ಬೊಬ್ಬರೇ ಬಾಗಿಲಿನಿಂದ ನಡೆದು ಬಂದು, ನಮಸ್ಕರಿಸಿ, ನಾಮಪತ್ರ ಕೊಟ್ಟು, ಕೇಳಿದ್ದಕ್ಕೆ ಉತ್ತರಿಸಬೇಕು. ಮತದಾರರ ಪಟ್ಟಿಯಲ್ಲಿ ಹೆಸರು ಹೇಗಿದೆಯೋ ಹಾಗೆಯೇ ಬರೆಯಬೇಕು, ಸೂಚಕರು ಅದೇ ವಾರ್ಡಿನವರಾಗಿರಬೇಕು, ಮೊದಲು ಪೆನ್ಸಿಲಿನಲ್ಲಿ ತುಂಬಿ ಆಮೇಲೆ ಶಾಯಿ. ಪ್ರತಿ ವಾರ್ಡಿಗೂ ಒಬ್ಬ ಬದಲಿ ಅಭ್ಯರ್ಥಿಯ ಪತ್ರವೂ ಸಿದ್ಧವಿರಬೇಕು. ಮುಖ್ಯ ಪತ್ರ ತಿರಸ್ಕೃತವಾದರೆ ಪಕ್ಷ ಬರಿಗೈಯಲ್ಲಿ ನಿಲ್ಲಬಾರದು. ನಾನು ಸ್ವರ ಸ್ವಲ್ಪ ದೊಡ್ಡದು ಮಾಡಿ “ನಿಮ್ಮ ವಯಸ್ಸೆಷ್ಟು?” ಎಂದಾಗ ಕಡಬದ ಕಡೆಯವರೊಬ್ಬರು ಕಿಟಕಿಯ ಬಳಿಗೆ ಓಡಿ, ಕೆಳಗಿದ್ದ ಗಂಡನನ್ನು ಕೂಗಿ ಕೇಳಿದರು. ಅವರನ್ನು ಮತ್ತೆ ಬಾಗಿಲಿನಿಂದ ನಡೆಸಿದೆ.

ಎರಡನೆಯದು ಮಾತು. ನಾನು ಯಾರು, ಯಾಕೆ ನಿಂತಿದ್ದೇನೆ, ಯಾವ ಚಿಹ್ನೆಗೆ ಮುದ್ರೆ ಒತ್ತಬೇಕು. ಮೂರೇ ವಾಕ್ಯ. ನಾಲ್ಕನೆಯದು ಬೇಕೆಂದರೆ ಒಂದು ಭರವಸೆ. ಆದರೆ ಅದು ಮಂಡಲದ ಕೈಯಲ್ಲಿ ಆಗುವ ಕೆಲಸವೇ ಎಂದು ಮೊದಲು ಕೇಳಿ ತಿಳಿದುಕೊಳ್ಳಬೇಕು. ರೈಲು ತರುತ್ತೇನೆ, ಆಸ್ಪತ್ರೆ ಕಟ್ಟಿಸುತ್ತೇನೆ ಎನ್ನುವಂತಿಲ್ಲ.

“ಯಾಕೆ ನಿಂತಿದ್ದೀರಿ?” ಎಂದು ಎಲ್ಲರನ್ನೂ ಕೇಳಿದೆ. “ಅವರು ಹೇಳಿದರು” ಎಂಬುದೇ ಹೆಚ್ಚಿನವರ ಉತ್ತರ. ಜಾಲ್ಸೂರು ಕಡೆಯಿಂದ ಬಂದಾಕೆ ಮಾತ್ರ ಬೇರೆ ಹೇಳಿದರು. ಮೂವತ್ತೈದರ ಆಸುಪಾಸು, ಮನೆಯಲ್ಲಿ ಗೌಡರ ಅರೆಭಾಷೆ, ಕೆಲಸದವರ ಜೊತೆ ತುಳು, ಕಾಸರಗೋಡು ಬಸ್ಸಿನಲ್ಲಿ ಮಲಯಾಳ.

“ನಮ್ಮ ಚಾವಡಿಯಲ್ಲಿ ಯಾವಾಗಲೂ ಸಭೆ ಸಿಸ್ಟ್ರೇ. ರಸ್ತೆಯ ಸಭೆ, ಶಾಲೆಯ ಸಭೆ, ಸೊಸೈಟಿಯ ಸಭೆ. ಎಲ್ಲದಕ್ಕೂ ಚಾ ಕೊಟ್ಟು ಕೊಟ್ಟು ಸಾಕಾಯ್ತು. ಒಮ್ಮೆ ಸಭೆಯಲ್ಲಿ ಕೂತು ಚಾ ಕುಡಿಬೇಕು ಅಂತ ಉಂಟು.”

ನನಗೆ ಆಕೆ ಅಲ್ಲಿಯೇ ಹಿಡಿಸಿದರು. ಅಧ್ಯಕ್ಷರಿಗೆ ಹಿಡಿಸಲಿಲ್ಲ. ಆ ವಾರ್ಡಿಗೆ ಒಬ್ಬ ದೊಡ್ಡ ತೋಟದವರ ಹೆಂಡತಿಯನ್ನು ಅವರು ಮನಸ್ಸಿನಲ್ಲಿಟ್ಟುಕೊಂಡಿದ್ದರು. “ನಿಮ್ಮ ಮಾತಿಗೆ ಕೊಡ್ತೇನೆ ಸಿಸ್ಟ್ರೇ. ಸೋತರೆ ಮುಂದಿನ ಸಲ ನಾನು ಹೇಳಿದವರು,” ಎಂದರು. ಆಕೆಯ ಗಂಡನೂ ಮನೆಯಲ್ಲಿ ಅದೇ ಧಾಟಿಯಲ್ಲಿ ಹೇಳಿದ್ದನಂತೆ: “ಒಂದು ಸಲ ನಿಲ್ಲು. ಸೋತರೆ ಮತ್ತೆ ಈ ಸುದ್ದಿ ಎತ್ತುದು ಬೇಡ.” ಹಾಗೆ ಎರಡೂ ಕಡೆ ಆಕೆಗೆ ಸಿಕ್ಕಿದ್ದು ಒಂದೇ ಅವಕಾಶ.

ಎರಡನೆಯ ಭಾನುವಾರ ಮನೆಮನೆ ಭೇಟಿಯ ಪಾಠ. ಇಬ್ಬಿಬ್ಬರಾಗಿ ಹೋಗುವುದು, ಅಂಗಳದಲ್ಲಿ ಚಪ್ಪಲಿ ಬಿಡುವುದು, ಮನೆಯ ಹಿರಿಯ ಹೆಂಗಸನ್ನು ಮೊದಲು ಮಾತಾಡಿಸುವುದು. ಆಗ ಕಡಬದ ಕಡೆಯವರು ಕೈಯೆತ್ತಿದರು.

“ಎಲ್ಲ ಮನೆಯಲ್ಲಿ ನೀರು–ಬೆಲ್ಲ ಕೊಡ್ತಾರಲ್ಲ. ಗಂಡಸರಾದರೆ ಕುಡಿದು ಗುಡ್ಡಕ್ಕೆ ಮುಖ ಮಾಡಿ ನಿಂತರೆ ಆಯ್ತು. ನಾವು ಎಲ್ಲಿಗೆ ಹೋಗುದು?”

ಅಧ್ಯಕ್ಷರು ತಟ್ಟನೆ ಎದ್ದು, ಕೆಳಗೆ ಯಾರೋ ಕರೆದರೆಂದು ಹೇಳಿ ಇಳಿದುಹೋದರು. ಯಾರೂ ಕರೆದಿರಲಿಲ್ಲ.

ಪ್ರಶ್ನೆ ಸರಿಯಾದದ್ದೇ. ನಮ್ಮ ಕಡೆ ಮನೆಗೆ ಯಾರು ಬಂದರೂ ಮೊದಲ ಮಾತು “ಆಸರಿಗೆ ಎಂತ ಬೇಕು?” ಬಾಯಾರಿಕೆಗೆ ಏನು ಕೊಡಲಿ ಎಂದು ಕೇಳದೆ ಯಾರನ್ನೂ ಅಂಗಳದಿಂದ ಕಳುಹಿಸುವ ಕ್ರಮವಿಲ್ಲ. ಒಂದು ಚೊಂಬು ನೀರು, ಒಂದು ತುಂಡು ಬೆಲ್ಲವಂತೂ ಬಂದೇ ಬರುತ್ತದೆ. ದಿನಕ್ಕೆ ಅಷ್ಟು ಮನೆ ಸುತ್ತುವವರ ಪಾಡೇನು? ಆರೂ ಮಂದಿ ಕೂಡಿ ಮಾತಾಡಿ ಒಂದು ನಿಯಮ ಮಾಡಿದರು: ಯಾರ ಮನೆಯಲ್ಲೂ ಏನೂ ಕುಡಿಯುವುದಿಲ್ಲ. “ಗೆದ್ದ ಮೇಲೆ ಬಂದು ಕುಡಿಯುತ್ತೇವೆ” ಎಂದು ನಗುತ್ತ ಹೇಳಿ ಎದ್ದುಬಿಡುವುದು. ಸಮಯ ಉಳಿಯುತ್ತದೆಂದು ಅಧ್ಯಕ್ಷರಿಗೂ ಖುಷಿ. ನನಗೆ ತಕರಾರಿರಲಿಲ್ಲ. ನಾನು ಎಲ್ಲಿ ಹೋದರೂ ಕುದಿಸಿ ಆರಿಸಿದ ನೀರು ಫ್ಲಾಸ್ಕಿನಲ್ಲಿ ತೆಗೆದುಕೊಂಡು ಹೋಗುವವಳು.

ಜನವರಿಯಲ್ಲಿ ಜಾಲ್ಸೂರು ಕಡೆಯ ವಾರ್ಡಿನ ಉಸ್ತುವಾರಿ ನನ್ನದಾಯಿತು. ಪಕ್ಷ ಕೊಟ್ಟದ್ದು ಒಂದು ಹಳೆಯ ಜೀಪು, ಮೇಲೆ ಕಟ್ಟಿದ ಮೈಕು, ಗೋಡೆಗೆ ಅಂಟಿಸುವ ಕಾಗದಗಳು ಮತ್ತು ಒಬ್ಬ ಚಾಲಕ, ನಮ್ಮ ಕಡೆಯ ಬ್ಯಾರಿ ಮುಸಲ್ಮಾನ. ಜೀಪಿಗೆ ಬ್ರೇಕು ಕಡಿಮೆ, ಚಾಲಕನಿಗೆ ಮಾತು ಜಾಸ್ತಿ. ನನ್ನ ಫ್ಲಾಸ್ಕಿಗೆ ಅವನು ಇಟ್ಟ ಹೆಸರು ಗ್ಲೂಕೋಸ್ ಬಾಟ್ಲಿ.

ಮೊದಲ ಸುತ್ತು ಲೆಕ್ಕದಂತೆ ನಡೆಯಿತು. ರಬ್ಬರ್ ತೋಟದ ಕೂಲಿಯವರ ಲೈನುಮನೆಗಳಿಗೆ ಮಧ್ಯಾಹ್ನವೇ ಹೋಗಬೇಕು, ಅವರು ಮುಂಜಾನೆಯೇ ಮರದ ಹಾಲು ತೆಗೆಯಲು ಹೋಗಿರುತ್ತಾರೆ. ಬೀಡಿ ಕಟ್ಟುವ ಮನೆಗಳಿಗೆ ಯಾವಾಗ ಹೋದರೂ ಸರಿ, ಆದರೆ ಕೈ ನಿಲ್ಲಿಸಿ ಮಾತಾಡಿ ಎನ್ನಬಾರದು. ಅಭ್ಯರ್ಥಿ ಮೊದಮೊದಲು ಮೈಕು ಕಂಡರೆ ಬೆವರುತ್ತಿದ್ದರು. “ಆಚೆ ಗುಡ್ಡದಲ್ಲಿ ಇರುವ ಕೆಲಸದವರನ್ನು ಗಂಜಿಗೆ ಹೇಗೆ ಕರೀತೀರಿ?” ಎಂದು ಕೇಳಿದೆ. ಆಕೆ ಕೈ ಬಾಯಿಗಿಟ್ಟು ಒಂದು ‘ಕೂ’ ಹಾಕಿದರು. ಜೀಪಿನಲ್ಲಿ ತೂಕಡಿಸುತ್ತಿದ್ದ ಚಾಲಕ ಎದ್ದು ಹಾರನ್ ಒತ್ತಿದ. “ಇಷ್ಟು ಸ್ವರ ಇಟ್ಟುಕೊಂಡು ಮೈಕಿಗೆ ಹೆದರುದಾ ಮಾರಾಯ್ರೆ? ಮೈಕು ನಿಮಗೆ ಹೆದರಬೇಕು!” ಎಂದ. ಅಂದಿನಿಂದ ಮೂರು ವಾಕ್ಯ ತಡವರಿಸದೆ ಬಂತು.

ನೀರಿನ ನಿಯಮವನ್ನೂ ಆಕೆ ಪಾಲಿಸಿದರು. ಒಂದೇ ಒಂದು ಕಡೆ ಆಗಲಿಲ್ಲ. ರಸ್ತೆಬದಿಯ ದೊಡ್ಡ ಮನೆ ಆಕೆಯ ಚಿಕ್ಕಮ್ಮನದು. ಚಿಕ್ಕಮ್ಮ ಕೈ ಹಿಡಿದು ಒಳಗೆಳೆದು ಕೂರಿಸಿ ಎಳನೀರು ಕುಡಿಸಿಯೇ ಬಿಟ್ಟರು. ಅಲ್ಲಿಂದ ನೇರ ನಾವು ಹೋದದ್ದು ಗುಡ್ಡದ ಬುಡದ ಕಾಲೊನಿಗೆ. ಅಲ್ಲಿನ ಮೊದಲ ಮನೆಯ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದ ಅಜ್ಜಿ “ಆಸರಿಗೆ ಎಂತ ಬೇಕು?” ಎಂದಾಗ ನಮ್ಮ ಅಭ್ಯರ್ಥಿ ಪಾಠದಲ್ಲಿ ಕಲಿತ ನಗು ನಕ್ಕು, “ಈಗ ಬೇಡ ಅಜ್ಜಿ, ಗೆದ್ದ ಮೇಲೆ ಬಂದು ಕುಡಿತೇನೆ” ಎಂದರು. ಕಾಲೊನಿಯ ಎಲ್ಲ ಮನೆಯಲ್ಲೂ ಅದೇ ಮಾತು.

ಪ್ರಚಾರ ಮುಗಿಯುವ ಹಿಂದಿನ ದಿನ ಸಂಜೆ ಚಾಲಕ ಜಾಲ್ಸೂರಿನ ಚಾದಂಗಡಿಯಿಂದ ಸಪ್ಪೆ ಮುಖ ಮಾಡಿಕೊಂಡು ಬಂದ. ಅಧ್ಯಕ್ಷರೂ ಅಲ್ಲೇ ಇದ್ದರು.

“ಸಿಸ್ಟ್ರೇ, ನಿಮ್ಮ ಔಷಧಿ ತಿರುಗಿ ಬಿತ್ತು.”

“ಎಂತ ಆಯ್ತು?”

“ಕಾಲೊನಿಯವರು ಹೇಳುದು ಕೇಳಿದೆ. ದೊಡ್ಡ ಮನೆಯಲ್ಲಿ ಎಳನೀರು ಕುಡಿದವರಿಗೆ ನಮ್ಮ ಮನೆ ನೀರು ಇಳಿಲಿಲ್ಲ ಅಂತೆ. ಓಟು ಆಗ್ತದಂತೆ, ನೀರು ಆಗುದಿಲ್ಲವಂತೆ.”

ಈ ಊರಿನಲ್ಲಿ ಒಂದು ಮನೆಯ ನೀರು ಬೇಡವೆಂದರೆ ಅರ್ಥವೇನೆಂದು ಅಲ್ಲಿದ್ದ ಯಾರಿಗೂ ವಿವರಿಸಬೇಕಾಗಿರಲಿಲ್ಲ. ಕಾಲೊನಿಯವರ ಅಪ್ಪ ಅಜ್ಜಂದಿರಿಗೆ ಬೇಲಿಯಾಚೆ ನಿಲ್ಲಿಸಿ ನೀರು ಹೊಯ್ದದ್ದನ್ನು ಕಂಡವರೇ ನಾವೆಲ್ಲ. ಹೊಟ್ಟೆಯ ಅನುಕೂಲಕ್ಕೆಂದು ಮಾಡಿದ ನಿಯಮ ಆ ಜಗಲಿಯಲ್ಲಿ ಹಳೆಯ ಜಾತಿಯ ಮಾತಾಗಿ ಕೇಳಿಸಿತ್ತು. ಆ ವಾರ್ಡಿನಲ್ಲಿ ಉಳಿದ ಓಟುಗಳು ಎರಡೂ ಕಡೆಗೆ ಹೆಚ್ಚುಕಡಿಮೆ ಸಮ. ಕಾಲೊನಿ ಯಾರ ಕಡೆಗೆ ವಾಲುತ್ತದೋ ಗೆಲುವು ಅವರದು.

ಅಧ್ಯಕ್ಷರು ಗಡಬಡಿಸಿ ಸಲಹೆ ಕೊಡತೊಡಗಿದರು. ಸುಳ್ಯದಿಂದ ಒಬ್ಬ ನಾಯಕರನ್ನು ಕರೆಸಿ ಕಾಲೊನಿಯಲ್ಲಿ ಭಾಷಣ ಮಾಡಿಸೋಣ. ನಮ್ಮಲ್ಲಿ ಭೇದಭಾವ ಇಲ್ಲವೆಂದು ಮೈಕಿನಲ್ಲಿ ಹೇಳಿಸೋಣ.

“ಮೈಕಿನಲ್ಲಿ ಹೇಳಿದರೆ ಗೊತ್ತಿಲ್ಲದವರಿಗೂ ಗೊತ್ತಾಗ್ತದೆ,” ಎಂದ ಚಾಲಕ.

ಅಭ್ಯರ್ಥಿಯ ಮುಖ ಕೆಂಪಾಗಿತ್ತು. “ಯಾರೂ ಬೇಡ. ನಾನೇ ಹೋಗಿ ಕುಡಿತೇನೆ. ಈಗಲೇ.”

“ಈಗ ಅಲ್ಲಿಗೆ ಮಾತ್ರ ಹೋದರೆ ಎಂತ ಹೇಳ್ತಾರೆ? ಓಟಿಗೋಸ್ಕರ ನೀರು ಕುಡಿಲಿಕ್ಕೆ ಬಂದರು ಅಂತ,” ಎಂದೆ.

ಆಕೆ ನಿಧಾನವಾಗಿ ಹೇಳಿದರು: “ಹಾಗಾದರೆ ಎಲ್ಲ ಮನೆಗೂ ಹೋಗುವ ಸಿಸ್ಟ್ರೇ. ಮೊದಲನೇ ಮನೆಯಿಂದ. ಎಲ್ಲೆಲ್ಲಿ ಬೇಡ ಅಂದೆನೋ ಅಲ್ಲೆಲ್ಲ ಕುಡಿಯುವ. ಕಾಲೊನಿ ಅದರ ಸರದಿಯಲ್ಲಿ ಬರಲಿ.”

“ಇಡೀ ವಾರ್ಡಾ?” ಎಂದು ಅಧ್ಯಕ್ಷರು ಕುಳಿತುಬಿಟ್ಟರು. “ನಾಳೆ ಒಂದೇ ದಿನ ಇರುದು!”

ನಾನು ಮರುದಿನದ ಕೆಲಸದ ಪಟ್ಟಿ ತೆಗೆದೆ. ಪೇಟೆಯ ಮೆರವಣಿಗೆ, ಮುಖಂಡರ ಭೇಟಿ, ಎರಡು ಬೀದಿಸಭೆ. ಎಲ್ಲವನ್ನೂ ಒಂದೇ ಗೀಟಿನಲ್ಲಿ ಹೊಡೆದು ಹಾಕಿದೆ. “ಬೆಳಿಗ್ಗೆ ಏಳಕ್ಕೆ ಜೀಪು ಸಿದ್ಧ ಇರಲಿ,” ಎಂದೆ.

ರೋಗಿಗೆ ಎಷ್ಟು ನೀರು, ಎಷ್ಟು ಹೊತ್ತಿಗೆ ಎಂದು ನಿಗಾ ಇಡುವುದು ನನ್ನ ಹಳೆಯ ಕಸುಬು. ಮೊದಲು ಬೆಲ್ಲ, ಆಮೇಲೆ ಎರಡು ಗುಟುಕು. ಲೋಟದಲ್ಲಿ ಉಳಿದದ್ದನ್ನು ಅಂಗಳದ ತುಳಸಿಗೋ ಬಸಳೆಯ ಬುಡಕ್ಕೋ ಹೊಯ್ಯಬಹುದು, ಚೆಲ್ಲಬಾರದು. ಬಚ್ಚಲು ಕಟ್ಟಿಸಿದ ಮನೆಗಳು ಯಾವುವೆಂದು ಮೊದಲ ಸುತ್ತಿನಲ್ಲಿ ನೋಡಿದ್ದೆ. ಅವುಗಳ ಆಧಾರದ ಮೇಲೆ ದಾರಿ ಹಾಕಿದೆ.

ಹೊರಟೆವು. ಮೊದಲ ಮನೆಯ ಅಂಗಳದಲ್ಲೇ ಮನೆಯೊಡತಿ ಸೊಂಟಕ್ಕೆ ಕೈಯಿಟ್ಟರು. “ಎಂತ ಮಾರಾಯ್ತಿ, ಗೆದ್ದ ಮೇಲೆ ಬರ್ತೇನೆ ಅಂದದ್ದಲ್ವಾ? ಈಗಲೇ ಗೆದ್ದಾಯ್ತಾ?”

“ಗೆಲ್ಲುದು ನಿಮ್ಮ ಕೈಯಲ್ಲಿ. ಆಸರು ಮಾತ್ರ ನನ್ನದು. ನೀರು ಕೊಡಿ ಅಕ್ಕ.”

ಆ ನಗು ನಮಗಿಂತ ಮುಂದೆ ಓಡಿತು. ನಾಲ್ಕನೆಯ ಮನೆಗೆ ಬರುವಾಗ ಅಲ್ಲಿ ಲೋಟ ಜಗಲಿಯ ಮೇಲೆ ಕಾಯುತ್ತಿತ್ತು. ಮಜ್ಜಿಗೆ, ಪುನರ್ಪುಳಿ ಶರಬತ್ತು, ರಬ್ಬರ್ ಲೈನಿನಲ್ಲಿ ಕಪ್ಪು ಚಾ. ಒಂದು ಮನೆಯಲ್ಲಿ ರಾಗಿ ನೀರು. ಮೊದಲ ಸುತ್ತಿನಲ್ಲಿ ಅಂಗಳದಲ್ಲಿ ನಿಂತು ಕೇಳಿದ ಮಾತು ಬೇರೆ, ಈಗ ಕುಳಿತು ಕುಡಿಯುವಾಗ ಹೊರಬರುವ ಮಾತು ಬೇರೆ. ಹಳ್ಳ ದಾಟುವ ಯಾವ ಸಂಕ ಮಳೆಗಾಲದಲ್ಲಿ ಕೊಚ್ಚಿಹೋಗುತ್ತದೆ, ಯಾವ ಬಾವಿ ಮಾರ್ಚಿನಲ್ಲಿ ಬತ್ತುತ್ತದೆ ಎಲ್ಲ ಬಂತು. ಬಚ್ಚಲು ಕೇಳಿದಾಗಲಂತೂ ಹೆಂಗಸರು ಆಕೆಯನ್ನು ಅಡುಗೆಮನೆಯ ಮೂಲಕವೇ ಕರೆದೊಯ್ದರು. ಹಿಂತಿರುಗುವಾಗ ಆಕೆಯ ಕೈಯಲ್ಲಿ ಎಲ್ಲಿಯೋ ಒಂದು ಸೌತೆಕಾಯಿ, ಎಲ್ಲಿಯೋ ಒಂದು ಕಟ್ಟು ಬಸಳೆ.

ದೊಡ್ಡ ಮನೆಯ ಚಿಕ್ಕಮ್ಮ ಎಳನೀರು ಕೆತ್ತಿಸಿಟ್ಟಿದ್ದರು. ಅಭ್ಯರ್ಥಿ ಮೆಟ್ಟಿಲು ಹತ್ತಲಿಲ್ಲ.

“ನಿಮ್ಮಲ್ಲಿ ಆ ದಿನವೇ ಆಗಿದೆ ಚಿಕ್ಕಮ್ಮ. ಇವತ್ತು ಇಲ್ಲ.”

“ಊರಿನವರ ನೀರೆಲ್ಲ ಕುಡಿದು ನನ್ನದು ಬೇಡವಾ?”

“ಸಿಟ್ಟು ಇದ್ದರೆ ಓಟು ಹಾಕುವಾಗ ಮುದ್ರೆ ಗಟ್ಟಿ ಒತ್ತಿ,” ಎಂದು ಆಕೆ ಜೀಪು ಹತ್ತಿದರು. ಕೆತ್ತಿದ ಎಳನೀರು ವ್ಯರ್ಥವಾಗಬಾರದೆಂದು ಚಾಲಕ ಕುಡಿದ.

ಮೂರು ಗಂಟೆ ದಾಟಿದ ಮೇಲೆ ಕಾಲೊನಿ. ಮೊದಲ ಮನೆಯ ಜಗಲಿಯಲ್ಲಿ ಅದೇ ಅಜ್ಜಿ. ಮಡಿಲಲ್ಲಿ ಮೊರ, ಮೊರದಲ್ಲಿ ಎಲೆ, ಹೊಗೆಸೊಪ್ಪು. ನಾವು ಅಂಗಳಕ್ಕೆ ಬಂದರೂ ತಲೆಯೆತ್ತಲಿಲ್ಲ. ಬೆರಳು ಮಾತ್ರ ಓಡುತ್ತಿತ್ತು. ಪಕ್ಕದಲ್ಲಿ ಸೊಸೆ ಕಟ್ಟಿದ ಬೀಡಿಗಳ ಬಾಯಿ ಮುಚ್ಚುತ್ತಿದ್ದಳು. ಆಚೆಮನೆಗಳ ಜಗಲಿಗಳಲ್ಲಿ ಜನ ನಿಂತು ನೋಡುತ್ತಿದ್ದರು. ಎಲ್ಲ ಮನೆಗಳಲ್ಲೂ ಕೇಳಿದ ಆ ಮೊದಲ ಮಾತನ್ನು ಇಲ್ಲಿ ಯಾರೂ ಕೇಳಲಿಲ್ಲ.

ಅಭ್ಯರ್ಥಿ ಚಪ್ಪಲಿ ಬಿಟ್ಟರು. ಕರೆಯದೆಯೇ ಹೋಗಿ ಜಗಲಿಯಲ್ಲಿ ಅಜ್ಜಿಯ ಪಕ್ಕ ಕುಳಿತರು.

“ಅಜ್ಜೀ, ಆಸರಿಗೆ ಎಂತ ಉಂಟು?”

ಅತಿಥಿಯೇ ಅದನ್ನು ಕೇಳಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಅಜ್ಜಿಯ ಬೆರಳು ನಿಂತಿತು.

“ನಮ್ಮಲ್ಲಿ ನೀರು ಉಂಟು. ಬಾವಿದು.”

“ಬೆಲ್ಲ?”

“ಓ! ಬೆಲ್ಲ ಬೇರೆ ಬೇಕಾ?” ಅಜ್ಜಿ ಈಗ ಮುಖ ಎತ್ತಿದರು. “ಇವತ್ತು ನಮ್ಮಲ್ಲಿಗೇ ಅಂತ ಬಂದದ್ದಾ, ಅಲ್ಲ ಎಲ್ಲ ಕಡೆ ಕುಡಿತಾ ಬಂದದ್ದಾ?”

ದೂರದಿಂದ ಚಾಲಕ ಕೂಗಿ ಹೇಳಿದ: “ಅಜ್ಜಿ, ಬೆಳಿಗ್ಗೆಯಿಂದ ಕುಡಿದು ಕುಡಿದು ಇವರ ಭಾರಕ್ಕೆ ಜೀಪು ಒಂದು ಬದಿಗೆ ವಾಲಿದೆ. ದೊಡ್ಡ ಮನೆಯಲ್ಲಿ ಮಾತ್ರ ಬೇಡ ಅಂದರು. ಅದು ನಾನು ಕುಡಿದೆ.”

ಅಜ್ಜಿಗೆ ನಗು ತಡೆಯಲಿಲ್ಲ. ಮೊರದಲ್ಲಿದ್ದ ಹೊಗೆಸೊಪ್ಪು ಹಾರಿತು. ಸೊಸೆ ಒಳಗೆ ಹೋಗಿ ಚೊಂಬು ತಂದಳು. ಆ ದಿನದಲ್ಲಿ ಮೊದಲ ಬಾರಿಗೆ ನಮ್ಮ ಅಭ್ಯರ್ಥಿ ಎರಡು ಗುಟುಕಿಗೆ ನಿಲ್ಲಿಸಲಿಲ್ಲ. ಚೊಂಬು ಖಾಲಿ ಮಾಡಿ ಕೆಳಗಿಟ್ಟರು. ಕಾಲೊನಿಯ ಉಳಿದ ಮನೆಗಳಿಗೂ ಹೋಗಿ, ಕುಳಿತು, ಕುಡಿದು ಬಂದರು. ಬಂದವರೇ ಅಜ್ಜಿಯ ಕಿವಿಯಲ್ಲಿ ಏನೋ ಪಿಸುಗುಟ್ಟಿದರು.

“ಆಗಲೇಬೇಕಲ್ಲ!” ಎಂದು ಅಜ್ಜಿ ಇಡೀ ಕಾಲೊನಿಗೆ ಕೇಳಿಸುವಂತೆ ಹೇಳಿ, ಕೈಹಿಡಿದು ಮನೆಯ ಹಿಂದಕ್ಕೆ ಕರೆದೊಯ್ದರು. ಅಲ್ಲಿ ಬಚ್ಚಲು ಇರಲಿಲ್ಲ. ಗೇರುಗುಡ್ಡದ ಇಳಿಜಾರು, ಮೂರು ಕಡೆ ತೆಂಗಿನ ಮಡಲು, ನಾಲ್ಕನೆಯ ಕಡೆ ಸೀರೆ ಅಗಲಿಸಿ ಹಿಡಿದ ಸೊಸೆ.

ಹಿಂತಿರುಗಿದಾಗ ಆಕೆ ನಗುತ್ತಿರಲಿಲ್ಲ. “ಹಗಲು ಹೊತ್ತು ನೀವೆಲ್ಲ ಎಂತ ಮಾಡುದು ಅಜ್ಜಿ?”

“ಎಂತ ಮಾಡುದು? ಹಗಲು ಹೊತ್ತು ನೀರು ಕುಡಿಯುದಿಲ್ಲ.”

ಅಜ್ಜಿ ದೂರುವ ಧ್ವನಿಯಲ್ಲಿ ಹೇಳಿದ್ದಲ್ಲ. ಇವತ್ತು ಬಿಸಿಲು ಜೋರು ಎಂಬಂತೆ ಹೇಳಿದರು. ನಮ್ಮ ಆರು ಹೆಂಗಸರು ಪ್ರಚಾರದ ದಿನಗಳಿಗೆಂದು ಮಾಡಿಕೊಂಡ ನಿಯಮವನ್ನು ಇಲ್ಲಿಯವರು ಹುಟ್ಟಿದಾಗಿನಿಂದ ಪಾಲಿಸುತ್ತಿದ್ದರು.

ಅಭ್ಯರ್ಥಿ ನನ್ನ ಕಡೆ ತಿರುಗಿದರು. “ಬಚ್ಚಲು, ಪಾಯಿಖಾನೆ ಕಟ್ಟಿಸುದು ಮಂಡಲದ ಕೈಯಲ್ಲಿ ಆಗ್ತದಾ ಸಿಸ್ಟ್ರೇ?”

“ಆಗ್ತದೆ.”

ಕೇಳಿ ತಿಳಿದುಕೊಂಡ ಮೇಲೆಯೇ ಆಕೆ ಮೈಕು ಹಿಡಿದರು. ಮೂರು ವಾಕ್ಯ. ಮತ್ತೆ ನಾಲ್ಕನೆಯದು. ಆ ನಾಲ್ಕನೆಯ ವಾಕ್ಯವನ್ನೇ ಆಕೆ ಮುಂದೆ ಮಂಡಲದ ಮೊದಲ ಸಭೆಯಲ್ಲಿ, ಕುರ್ಚಿಯಲ್ಲಿ ಕುಳಿತು, ಚಾ ಲೋಟ ಕೈಯಲ್ಲಿ ಹಿಡಿದೇ ಎತ್ತಿದರು.

ಪ್ರಚಾರದ ಹೊತ್ತು ಮುಗಿಯಿತು. ಚಾಲಕ ಮೈಕಿನ ತಂತಿ ಬಿಚ್ಚಿ ಸುತ್ತಿದ. ನಮ್ಮಲ್ಲಿ ಉಳಿದದ್ದು ಒಂದೇ ಕೊರತೆ: ಆ ಕಡೆಯ ಮತಗಟ್ಟೆಯಲ್ಲಿ ಕೂರಲು ನಮ್ಮ ಪರವಾಗಿ ಏಜೆಂಟ್ ಇರಲಿಲ್ಲ. ಅಜ್ಜಿ ಅದನ್ನು ಕೇಳಿ ಸೊಸೆಯನ್ನು ಮೊಣಕೈಯಿಂದ ತಿವಿದರು. “ಇವಳನ್ನು ಕೂರಿಸಿ. ಏಳನೇ ಓದಿದ್ದಾಳೆ. ಊರಿನವರ ಮುಖ ಎಲ್ಲ ಗೊತ್ತುಂಟು.”

ಜಗಲಿಯಲ್ಲೇ ಪಾಠ ಮಾಡಿದೆ. ಬೆಳಿಗ್ಗೆ ಪೆಟ್ಟಿಗೆ ಖಾಲಿಯಿರುವುದನ್ನು ಕಣ್ಣಾರೆ ನೋಡಬೇಕು. ಬಂದವರ ಗುರುತು ಹಿಡಿಯಬೇಕು. ಬೇರೆಯವರ ಹೆಸರಿನಲ್ಲಿ ಯಾರಾದರೂ ಬಂದರೆ ಎದ್ದುನಿಂತು ಆಕ್ಷೇಪ ಹೇಳಬೇಕು, ಜಗಳವಾಡಬಾರದು.

“ಕೂರಲಿಕ್ಕೆ ಕುರ್ಚಿ ಉಂಟಾ?” ಎಂದಳು ಸೊಸೆ.

“ಉಂಟು,” ಎಂದು ನನಗಿಂತ ಮೊದಲು ಅಭ್ಯರ್ಥಿಯೇ ಉತ್ತರ ಕೊಟ್ಟರು.

ಮತಪತ್ರ ಮಡಚುವುದನ್ನು ತೋರಿಸಲು ಕಾಗದ ಇರಲಿಲ್ಲ. ಮೊರದಿಂದ ಒಂದು ಬೀಡಿ ಎಲೆ ತೆಗೆದುಕೊಂಡೆ. ಮೊದಲು ಉದ್ದಕ್ಕೆ ಮಡಚಬೇಕು. ಅಡ್ಡ ಮಡಚಿದರೆ ಹಸಿ ಶಾಯಿ ಇನ್ನೊಂದು ಚಿಹ್ನೆಗೆ ತಾಗಿ ಮತ ಕೆಡುತ್ತದೆ. ನನ್ನ ಎಲೆ ಎರಡು ಸಲವೂ ಸೀಳಿತು. ಅಜ್ಜಿ ಸಹಿಸಲಾರದೆ ಕಸಿದುಕೊಂಡು ನೀರು ಚಿಮುಕಿಸಿ ಮಡಚಿ ಕೊಟ್ಟರು. ಸೊಸೆ ಅದನ್ನು ಕಾಲೊನಿಯವರಿಗೆಲ್ಲ ತೋರಿಸಿಕೊಂಡು ಬಂದಳು.

ಕೆಲಸ ಮುಗಿಯಿತೆಂದು ನಾನು ಎದ್ದೆ.

“ಕೂರಿ ಸಿಸ್ಟ್ರೇ,” ಎಂದರು ಅಜ್ಜಿ. “ಅಭ್ಯರ್ಥಿ ಕುಡಿದರು. ಡ್ರೈವರು ದೊಡ್ಡ ಮನೆಯ ಎಳನೀರು ಕುಡಿದ. ನೀವು ಬೆಳಿಗ್ಗೆಯಿಂದ ಎಲ್ಲಿ ಕುಡಿದದ್ದು?”

ಎಲ್ಲರೂ ನನ್ನ ಬಗಲಲ್ಲಿ ನೇತಾಡುತ್ತಿದ್ದ ಫ್ಲಾಸ್ಕಿನ ಕಡೆ ನೋಡಿದರು. ಚಾಲಕ ತಂತಿಯ ಸುರುಳಿ ಎದೆಗೊತ್ತಿಕೊಂಡು, ಇದಕ್ಕಾಗಿಯೇ ಇಷ್ಟು ದಿನ ಕಾದವನಂತೆ ಕಣ್ಣರಳಿಸಿ ನಿಂತಿದ್ದ. ಕುದಿಸಿದ ನೀರಿನ ಬಗ್ಗೆ ನಾನು ಜೀವನವಿಡೀ ಜನರಿಗೆ ಹೇಳಿದ್ದೆಲ್ಲ ನಿಜವೇ. ಆದರೆ ಅದನ್ನು ಹೇಳುವ ಹೊತ್ತು ಅದಾಗಿರಲಿಲ್ಲ.

ಫ್ಲಾಸ್ಕನ್ನು ಬಿಚ್ಚಿ ಜಗಲಿಯ ಕೆಳಗಿಟ್ಟೆ. ಕುಳಿತೆ. ಬೆಲ್ಲದ ತುಂಡು ಬಾಯಿಗೆ ಹಾಕಿಕೊಂಡು, ಎರಡೂ ಕೈಯಲ್ಲಿ ಚೊಂಬು ಹಿಡಿದು, ಬಾವಿಯ ತಣ್ಣೀರನ್ನು ಕೊನೆಯ ಹನಿಯವರೆಗೂ ಕುಡಿದೆ.